ಸಬ್‌ವೇಯ ಆರನೇ ಮೆಟ್ಟಿಲಿನಿಂದ ಶಾಸಕರಿಗೊಂದು ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಮೈಸೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತೇನೆ. ರಾತ್ರಿ ಎಂಟೂವರೆಗೆ ಅಂಗಡಿ ಬಾಗಿಲು ಹಾಕುತ್ತೇವೆ. ಆಮೇಲೆ ಬಸ್ ಹಿಡಿಯೋಕೆ ದೊಡ್ಡ ರಸ್ತೆ ದಾಟಬೇಕು. ದಾಟೋಕೆ ಸಬ್‌ವೇ ಇದೆ. ಮೆಟ್ಟಿಲು ಗಟ್ಟಿಯಾಗಿವೆ, ಅಗಲವೂ ಸಾಕಷ್ಟಿದೆ. ಆದರೂ ಕತ್ತಲಾದ ಮೇಲೆ ಜನ ಡಿವೈಡರ್ ಹತ್ತಿ ಮೇಲಿನಿಂದಲೇ ಓಡುತ್ತಾರೆ. ನಾನೂ ಎಷ್ಟೋ ಸಲ ಹಾಗೇ ಓಡಿದ್ದೇನೆ.

ಹೋದ ಮಳೆಗಾಲದಲ್ಲಿ ನನ್ನ ಮಗಳು ಟ್ಯೂಷನ್ ಮುಗಿಸಿ ಬರುವಾಗ ಹಾಗೆ ಓಡಿದಳು. ಸ್ಕೂಟರಿನ ಹ್ಯಾಂಡಲ್ ತಗುಲಿ ಬಿದ್ದಳು. ದೇವರ ದಯೆ, ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. "ಕೆಳಗಡೆಯಿಂದ ಬರಬಾರದಿತ್ತಾ?" ಅಂತ ಬೈದೆ. "ಅಲ್ಲಿ ಎದುರಿಗೆ ಬರೋರ ಮುಖ ಕಾಣಲ್ಲಮ್ಮ" ಅಂದಳು. ನನಗೆ ಮಾತೇ ಹೊರಡಲಿಲ್ಲ.

ಯಾರ ಮೇಲೂ ದೂರು ಹೇಳೋಕೆ ಇದನ್ನು ಬರೆಯುತ್ತಿಲ್ಲ ಸರ್. ನನ್ನದು ಒಂದೇ ಬೇಡಿಕೆ. ಆ ಸಬ್‌ವೇಯಲ್ಲಿ ಬೆಳಕಿನ ಒಂದು ಕಲಾಕೃತಿ ಮಾಡಿಸಿಕೊಡಿ. ಒಳ್ಳೆಯ ಕಲಾವಿದರನ್ನು ಕರೆಸಿ, ಅವರಿಗೆ ಸರಿಯಾದ ಸಂಭಾವನೆ ಕೊಟ್ಟು, ಉಳಿಯುವಂಥ ಕೆಲಸ ಮಾಡಿಸಿ.

ನಾಲ್ಕು ಟ್ಯೂಬ್‌ಲೈಟ್ ಜಾಸ್ತಿ ಹಾಕಿಸಿದರೆ ಸಾಕಲ್ವಾ ಅಂತ ನೀವು ಕೇಳಬಹುದು. ನಮ್ಮ ಮನೆಯವರೂ ಅದನ್ನೇ ಕೇಳಿದರು. ನನಗೆ ಉತ್ತರ ಸಿಕ್ಕಿದ್ದು ಆ ಸಬ್‌ವೇಯ ಮೆಟ್ಟಿಲಲ್ಲೇ. ಮೇಲಿನಿಂದ ಆರನೇ ಮೆಟ್ಟಿಲಿನಲ್ಲಿ ಒಬ್ಬ ಅಜ್ಜಿ ಕೂತು ಮಲ್ಲಿಗೆ ಮಾರುತ್ತಾರೆ. ಬುಟ್ಟಿಗೆ ಒಂದು ಚಾರ್ಜಿಂಗ್ ಲೈಟ್ ಕಟ್ಟಿದ್ದಾರೆ. ಅದರ ಮುಖಕ್ಕೆ ಹಳದಿ ಬಣ್ಣದ ತೆಳು ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಯಾಕಜ್ಜಿ ಅಂತ ಕೇಳಿದ್ದಕ್ಕೆ, "ಬರೀ ಬಿಳಿ ಲೈಟಲ್ಲಿ ಹೂವು ಸತ್ತಂಗೆ ಕಾಣ್ತದೆ ಕಣವ್ವ" ಅಂದರು. ಜನ ಆ ಹಳದಿ ಬೆಳಕಿನ ತನಕ ಆರಾಮಾಗಿ ಇಳಿಯುತ್ತಾರೆ. ಒಂದು ಮೊಳ ಹೂವು ತಗೊಳ್ಳುತ್ತಾರೆ, ಚಿಲ್ಲರೆಗೆ ಕಾಯುತ್ತಾ ಎರಡು ಮಾತಾಡುತ್ತಾರೆ. ಆಮೇಲೆ ವಾಪಸ್ ಮೇಲೆ ಹತ್ತಿ ರಸ್ತೆ ಕಡೆ ಓಡುತ್ತಾರೆ. ಅಜ್ಜಿಯಿಂದ ಆಚೆಗೆ ಉರಿಯುವುದು ಎರಡೇ ಟ್ಯೂಬು. ಅದರಲ್ಲಿ ಒಂದು ಸದಾ ಮಿಣಕ್ ಮಿಣಕ್ ಅನ್ನುತ್ತದೆ.

ಅಜ್ಜಿಯ ದೀಪಕ್ಕೆ ಪ್ರಖರತೆ ಏನೂ ಜಾಸ್ತಿ ಇಲ್ಲ. ಆದರೆ ಅದನ್ನು ಒಬ್ಬರು ಯೋಚನೆ ಮಾಡಿ ಇಟ್ಟಿದ್ದಾರೆ, ದಿನಾ ನೋಡಿಕೊಳ್ಳುತ್ತಿದ್ದಾರೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಅದಕ್ಕೇ ಅಲ್ಲಿ ಕಾಲು ನಿಲ್ಲುತ್ತದೆ. ಆ ಯೋಚನೆ ಸಬ್‌ವೇಯ ಆ ತುದಿಯವರೆಗೂ ಹಬ್ಬಲಿ ಅನ್ನೋದು ನನ್ನ ಆಸೆ.

ಬೆಳಕನ್ನು ಪ್ರೀತಿಸೋದು ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಸೀಮೆ ಇದು. ಈಗಲೂ ಭಾನುವಾರ ಸಂಜೆ ಅರಮನೆಯ ಲಕ್ಷದ ಹತ್ತಿರದಷ್ಟು ಬಲ್ಬು ಒಟ್ಟಿಗೆ ಹೊತ್ತಿಕೊಂಡಾಗ ಜನ "ಹೋ" ಅಂತಾರಲ್ಲ, ಅದನ್ನು ನೂರು ಸಲ ಕೇಳಿದ್ದರೂ ನನಗೆ ಮೈ ಜುಮ್ ಅನ್ನುತ್ತದೆ. ದಸರೆಗೆ ಸರ್ಕಲ್ ಸರ್ಕಲ್‌ನಲ್ಲೂ ದೀಪದ ಆನೆ, ದೀಪದ ನವಿಲು ನಿಲ್ಲುತ್ತವೆ. ಹಬ್ಬ ಮುಗಿದ ಮೇಲೆ ಎಲ್ಲ ಬಿಚ್ಚಿಕೊಂಡು ಹೋಗುತ್ತಾರೆ. ದಿನಾ ಕೆಲಸ ಮುಗಿಸಿ ನಡೆದು ಹೋಗುವವರಿಗೂ ಅದರಲ್ಲಿ ಒಂದು ಪಾಲು ಬೇಡವೇ?

ಹೊರದೇಶಗಳಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಊರಲ್ಲಿ ರೈಲು ಹಳಿಯ ಕೆಳಗೆ ಹಾದುಹೋಗುವ ಹಳೇ ದಾರಿಗೆ 2013ರಲ್ಲಿ ಬಿಲ್ ಫಿಟ್ಸ್‌ಗಿಬನ್ಸ್ ಅನ್ನೋ ಕಲಾವಿದರು ಎಲ್‌ಇಡಿ ಬಣ್ಣದ ಬೆಳಕು ತುಂಬಿದರು. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯ ಎರಡು ಕಟ್ಟಡಗಳ ನಡುವಿನ ಸುರಂಗದಲ್ಲಿ 2008ರಿಂದ ಲಿಯೋ ವಿಲ್ಲರಿಯಲ್ ಅವರ ಕೃತಿ ಇದೆ, ಸುಮಾರು 41,000 ಎಲ್‌ಇಡಿಗಳದ್ದು. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ 90 ಮೀಟರ್ ಉದ್ದದ ಒಂದು ಸುರಂಗವಿದೆ. ಅಲ್ಲಿ ಒಂದು ಬದಿಯ ಗೋಡೆಗೆ ಗೋಡೆಯೇ ಬೆಳಗುತ್ತದೆ. ಇವುಗಳಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಡೆಟ್ರಾಯಿಟ್ ವಿಮಾನ ನಿಲ್ದಾಣದ ಸುರಂಗದ ಒಂದು ಸಣ್ಣ ವಿಷಯ. ಬಣ್ಣ ಬದಲಾಗುವ ಬೆಳಕು ಕೆಲವರಿಗೆ ಆಗಿಬರಲ್ಲ, ಫಿಟ್ಸ್ ಬರಬಹುದು. ಅಂಥವರಿಗಾಗಿ ಸುರಂಗದ ಬಾಯಲ್ಲೇ ಒಂದು ಗುಂಡಿ ಇಟ್ಟಿದ್ದಾರೆ. ಒತ್ತಿದರೆ ಆ ಆಟ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅವರು ನೆಮ್ಮದಿಯಾಗಿ ನಡೆದು ಹೋಗಬಹುದು.

ನನಗೆ ಒಂದು ಭಯ ಇದೆ ಸರ್, ಅದನ್ನೂ ಹೇಳಿಬಿಡುತ್ತೇನೆ. ಈ ಪತ್ರ ಓದಿ ಯಾರಾದರೂ ಒಂದು ಎಸ್ಟಿಮೇಟ್ ಮಾಡಿಸಿ, ಕಡಿಮೆ ರೇಟಿನವರಿಗೆ ಕೊಟ್ಟು, ಗೋಡೆ ತುಂಬಾ ಕೆಂಪು ನೀಲಿ ಸ್ಟ್ರಿಪ್ ಲೈಟ್ ಅಂಟಿಸಿಬಿಟ್ಟರೆ? ನೀಲಿ ಬೆಳಕಲ್ಲಿ ಮನುಷ್ಯರ ಮುಖ ಸರಿಯಾಗಿ ಕಾಣಲ್ಲ. ನನ್ನ ಮಗಳಿಗೆ ಬೇಕಿರೋದೇ ಮುಖ ಕಾಣೋದು. ನಡೆಯೋಕೆ ಬೇಕಾದ ಬೆಳಕು ಬೇರೆ, ಕೃತಿಯ ಬೆಳಕು ಬೇರೆ. ಮೊದಲನೆಯದು ಬೆಚ್ಚಗಿನ ಬಿಳಿ ಬೆಳಕಾಗಿರಲಿ, ಮೆಟ್ಟಿಲಿನ ಅಂಚು ಕಾಣಲಿ, ದೂರದಿಂದಲೇ ಎದುರಿನವರ ಮುಖದ ಗುರುತು ಸಿಗಲಿ. ಅದು ಯಾವತ್ತೂ ಆರಬಾರದು. ಅದರ ಮೇಲೆ ಕಲಾವಿದರು ತಮ್ಮ ಕೆಲಸ ಮಾಡಲಿ. ಚಕಚಕ ಮಿನುಗೋದು ಮಾತ್ರ ಬೇಡವೇ ಬೇಡ.

ಸರ್ಕಾರಿ ಕೆಲಸಕ್ಕೆ ಟೆಂಡರ್ ಬೇಕು, ಸರ್ಕಾರಿ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ, ಅದು ಇರಲೇಬೇಕು. ಆದರೆ ಕಲ್ಪನೆಯನ್ನು ಸಿಮೆಂಟ್ ಚೀಲದ ಹಾಗೆ ರೇಟ್ ನೋಡಿ ತರೋಕಾಗಲ್ಲ ಅಲ್ವಾ? ನನಗೆ ತೋಚಿದ ದಾರಿ ಇದು: ಮೊದಲು ಕಲಾವಿದರಿಂದ ಬಹಿರಂಗವಾಗಿ ಅರ್ಜಿ ಕರೆಯಿರಿ. ಅವರ ಹಿಂದಿನ ಕೆಲಸ ನೋಡಿ ಮೂರ್ನಾಲ್ಕು ಜನರನ್ನು ಆರಿಸಿ. ಅವರಿಗೆ ಸಬ್‌ವೇ ತೋರಿಸಿ, ನಕ್ಷೆ ಮಾಡಿಕೊಡೋಕೆ ಹಣ ಕೊಡಿ. ಸುಮ್ನೆ ಮಾಡಿಕೊಡಿ ಅನ್ನಬೇಡಿ. ಆಯ್ಕೆಗೆ ಕೂರುವವರಲ್ಲಿ ನಮ್ಮ ಊರಿನ ಕಾವಾ ಅನ್ನೋ ಚಿತ್ರಕಲಾ ಕಾಲೇಜಿನ ಮೇಷ್ಟ್ರು ಇರಲಿ, ಕರೆಂಟಿನ ಕೆಲಸ ಗೊತ್ತಿರೋ ಎಂಜಿನಿಯರ್ ಇರಲಿ, ಆ ದಾರಿಯಲ್ಲಿ ದಿನಾ ನಡೆಯೋ ಇಬ್ಬರು ಹೆಂಗಸರೂ ಇರಲಿ. ಕೃತಿ ಯಾವುದು ಅಂತ ತೀರ್ಮಾನವಾದ ಮೇಲೆ ವೈರಿಂಗು, ಗೋಡೆ ರಿಪೇರಿ, ಚರಂಡಿ ಕೆಲಸಕ್ಕೆ ಎಂದಿನಂತೆ ಟೆಂಡರ್ ಕರೆಯಿರಿ. ಕೆಲಸ ಮುಗಿಯುವ ತನಕ ಕಲಾವಿದರ ಮಾತು ನಡೆಯುವ ಹಾಗೆ ಬರೆದುಕೊಳ್ಳಿ.

ಏನು ಮಾಡಬೇಕು ಅಂತ ಕಲಾವಿದರಿಗೆ ನಾನು ಹೇಳಬಾರದು. ಆದರೂ ಮನಸ್ಸಿನಲ್ಲಿ ಒಂದು ಚಿತ್ರ ಇದೆ. ಚಿಕ್ಕವಳಿದ್ದಾಗ ನಮ್ಮಜ್ಜಿ ಊರಿನಲ್ಲಿ ತೊಗಲುಗೊಂಬೆ ಆಟ ನೋಡಿದ್ದೆ, ಮಂಡ್ಯ ಕಡೆ. ಎಲ್ಲರೂ ಪರದೆಯ ಮುಂದೆ ಕೂತಿದ್ದರೆ ನಾನು ಹಿಂದೆ ಹೋಗಿ ಇಣುಕಿದೆ. ಮೇಕೆಯ ಚರ್ಮವನ್ನು ಹದ ಮಾಡಿ, ಬೆಳಕು ಹಾಯುವಷ್ಟು ತೆಳುವಾಗಿ ಕೆರೆದು, ಬಣ್ಣ ಹಾಕಿ, ಸಣ್ಣ ಸಣ್ಣ ತೂತು ಕೊರೆದಿದ್ದರು. ದೀಪದ ಮುಂದೆ ಹಿಡಿದಾಗ ಹನುಮಂತನ ಕೆಂಪು ಆ ಗೊಂಬೆಯಾಡಿಸುವವರ ಕೆನ್ನೆಯ ಮೇಲೂ ಬಿದ್ದಿತ್ತು. ಬೆಳಕಿನ ಕಲೆ ಅಂದರೆ ನನಗೆ ಇವತ್ತಿಗೂ ಅದೇ ನೆನಪಾಗುತ್ತದೆ. ಆ ಕೆಲಸ ಬಲ್ಲವರು ನಮ್ಮ ನಾಡಿನಲ್ಲಿ ಇನ್ನೂ ಇದ್ದಾರೆ. ಅವರನ್ನೂ ಎಲ್‌ಇಡಿ ಬಲ್ಲ ಹುಡುಗರನ್ನೂ ಒಂದು ಕಡೆ ಕೂರಿಸಿದರೆ ಏನೇನು ಹುಟ್ಟಬಹುದು ಅಂತ ಯೋಚಿಸುತ್ತಾ ಎಷ್ಟೋ ಸಲ ನನ್ನ ಸ್ಟಾಪ್ ತಪ್ಪಿಸಿಕೊಂಡಿದ್ದೇನೆ.

ಇನ್ನು ಉಳಿದಿದ್ದು ನೋಡಿಕೊಳ್ಳುವ ಮಾತು. ಇದನ್ನು ದಯವಿಟ್ಟು ಕೊನೆಗೆ ತಳ್ಳಬೇಡಿ. ಎಲ್‌ಇಡಿ ವರ್ಷಗಟ್ಟಲೆ ಬಾಳುತ್ತದೆ, ಆದರೆ ಅದಕ್ಕೆ ಕರೆಂಟು ಹದ ಮಾಡಿ ಕೊಡುವ ಡ್ರೈವರ್ ಅನ್ನೋ ಡಬ್ಬಿ ಮೊದಲು ಕೈಕೊಡುತ್ತದೆ. ಸಬ್‌ವೇ ಅಂದ ಮೇಲೆ ಗೋಡೆಯಲ್ಲಿ ನೀರು ಜಿನುಗುತ್ತದೆ. ಮೊದಲು ಅದನ್ನು ನಿಲ್ಲಿಸಬೇಕು. ಧೂಳು ನೀರು ತಡೆಯುವ ಲೈಟೇ ಹಾಕಬೇಕು. ಡ್ರೈವರುಗಳು ಏಣಿ ಇಟ್ಟರೆ ಸಿಗುವ ಜಾಗದಲ್ಲಿರಲಿ. ಬಿಡಿ ಭಾಗಗಳನ್ನು ಮೊದಲ ದಿನವೇ ತಂದಿಡಲಿ. ಐದು ವರ್ಷದ ನಿರ್ವಹಣೆಯ ಹಣ ಅದೇ ಆದೇಶದಲ್ಲಿ ಸೇರಿರಲಿ. ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಅಂತ ಗೋಡೆಯ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ. ಹಣ ನಿಮ್ಮ ಪ್ರದೇಶಾಭಿವೃದ್ಧಿ ನಿಧಿಯಿಂದ ಬರಲಿ, ಪಾಲಿಕೆಯಿಂದ ಬರಲಿ, ಆ ದಾರಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಹೂವಿನ ಅಜ್ಜಿಯನ್ನು ಮಾತ್ರ ಎಬ್ಬಿಸಬೇಡಿ. ಉದ್ಘಾಟನೆ ದಿನ ಜಾಗ ಚೊಕ್ಕ ಮಾಡುವ ನೆಪದಲ್ಲೂ ಎಬ್ಬಿಸಬೇಡಿ. ನಕ್ಷೆ ಬರೆಯುವಾಗಲೇ ಅವರು ಕೂರೋಕೆ ಒಂದು ಜಾಗ ಗುರುತು ಮಾಡಿಸಿ.

ಒಂದು ಸಂಜೆ ನೀವೇ ಬನ್ನಿ ಸರ್. ಕಾರು, ಜೊತೆಯವರು ಯಾರೂ ಬೇಡ. ಅಂಗಡಿ ಮುಚ್ಚಿದ ಮೇಲೆ, ಎಂಟೂ ಮುಕ್ಕಾಲಿನ ಹೊತ್ತಿಗೆ ನಾನು ಆರನೇ ಮೆಟ್ಟಿಲಿನ ಹತ್ತಿರ ಇರುತ್ತೇನೆ. ಆ ತುದಿಯವರೆಗೂ ಒಟ್ಟಿಗೆ ನಡೆದು ನೋಡೋಣ.

ಇಂತಿ ನಿಮ್ಮ ವಿಶ್ವಾಸಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು