ಇಲ್ಲಿನ ಮಗ್ಗಕ್ಕೆ ಕುಣಿ ಇಲ್ಲ ಅವ್ವಾ

ಎರ್ಫುರ್ಟ್, ಜರ್ಮನಿ
ಭಾನುವಾರ ರಾತ್ರಿ

ಪ್ರೀತಿಯ ಅವ್ವನಿಗೆ,

ನಾನು ಆರಾಮ ಇದ್ದೇನೆ. ಮೊನ್ನೆ ಫೋನಿನಲ್ಲಿ ನೀನು, "ಆ ದೇಶದಾಗೂ ಮಗ್ಗ ಅದಾವೇನು?" ಅಂತ ಕೇಳಿದ್ದೆ. ನಾನು ಡ್ಯೂಟಿಗೆ ಓಡುವ ಗಡಿಬಿಡಿಯಲ್ಲಿ "ಎಲ್ಲಾ ಮಿಷನ್ನು ಬಿಡು" ಅಂದುಬಿಟ್ಟೆ. ತಪ್ಪು ಹೇಳಿದೆ. ಅದಕ್ಕೇ ಈ ಕಾಗದ. ತಮ್ಮನ ಕೈಲಿ ಓದಿಸು. ನಡುನಡುವೆ ಹಾರಿಸಿ ಓದಿದರೆ ಕಿವಿ ಹಿಂಡು.

ಇವತ್ತು ರಜೆ ಇತ್ತು. ಊರ ಅಂಚಿನಲ್ಲಿ ಬಿಷ್‌ಲೆಬೆನ್ ಅಂತ ಹಳ್ಳಿಯಂಥ ಜಾಗ ಇದೆ. ಅಲ್ಲಿ ಮಾರ್ಗರೆಥಾ ರೈಖಾರ್ಟ್ ಎಂಬ ನೇಕಾರ ಹೆಂಗಸಿನ ಮನೆ. ಆಕೆ 1984ರಲ್ಲಿ ತೀರಿಕೊಂಡಳು. ಮನೆಯನ್ನು ಮ್ಯೂಸಿಯಂ ಮಾಡಿ ಆಕೆಯ ಮಗ್ಗಗಳನ್ನು ಉಳಿಸಿಕೊಂಡಿದ್ದಾರೆ. ಒಳಗೆ ಕಾಲಿಟ್ಟೆ ನೋಡು, ನಮ್ಮ ಪಡಸಾಲೆಯ ವಾಸನೆ! ನೂಲು, ಹಳೇ ಕಟ್ಟಿಗೆ. ಒಂದು ಕ್ಷಣ ಅಪ್ಪ ಕೆಮ್ಮಿದಂತಾಯಿತು.

ಇಲ್ಲಿನ ಮಗ್ಗಕ್ಕೆ ಕುಣಿ ಇಲ್ಲ. ನೆಲದ ಮೇಲೆ ಮಂಚದ ಹಾಗೆ ನಿಂತಿರುತ್ತದೆ. ಬೆಂಚಿನ ಮೇಲೆ ಕೂತು ಕಾಲಿನ ಹಲಗೆ ತುಳಿಯುತ್ತಾರೆ. ಅಪ್ಪನ ಹಾಗೆ ದಿನವಿಡೀ ತಂಪು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮೊಣಕಾಲು ಹಿಡಿಸಿಕೊಳ್ಳಬೇಕಿಲ್ಲ. ಉಳಿದದ್ದೆಲ್ಲ ಅದೇ. ಹಾಸು, ಹೊಕ್ಕು, ಲಾಳಿ.

ಈ ರೈಖಾರ್ಟ್ 1926ರಲ್ಲಿ, ಹತ್ತೊಂಬತ್ತರ ವಯಸ್ಸಿಗೆ, ಬೌಹೌಸ್ ಎಂಬ ಶಾಲೆ ಸೇರಿದಾಕೆ. ಆ ಶಾಲೆ 1919ರಲ್ಲಿ ಶುರುವಾದದ್ದು ವೈಮಾರ್‌ನಲ್ಲಿ. ಇಲ್ಲಿಂದ ರೈಲಿನಲ್ಲಿ ಕಾಲು ಗಂಟೆ ದಾರಿ. ಆಮೇಲೆ 1925ರಲ್ಲಿ ಡೆಸ್ಸಾವ್ ಊರಿಗೆ ಹೋಯಿತು. ಮನೆ ಕಟ್ಟುವುದು, ಕುರ್ಚಿ ಮೇಜು, ಮಡಕೆ, ಚಿತ್ರ, ಎಲ್ಲದರಲ್ಲೂ ಹೊಸ ರೀತಿ ತರಬೇಕು ಅಂತ ಹೊರಟವರು. ಇವತ್ತು ಅಂಗಡಿಯಲ್ಲಿ ಸಿಗುವ ಉಕ್ಕಿನ ಕೊಳವೆಯ ಕುರ್ಚಿಗಳ ಮೂಲ ಹುಡುಕಿದರೆ ಅಲ್ಲಿಗೇ ಹೋಗಿ ನಿಲ್ಲುತ್ತೀ.

ಗಂಡು ಹೆಣ್ಣು ಭೇದ ಇಲ್ಲ, ಯಾರು ಬೇಕಾದರೂ ಬನ್ನಿ ಅಂದಿದ್ದರು ಅದರ ಮುಖ್ಯಸ್ಥ ವಾಲ್ಟರ್ ಗ್ರೋಪಿಯಸ್. ಹುಡುಗಿಯರು ನಂಬಿ ಬಂದರು, ಬೇಕಾದಷ್ಟು ಬಂದರು. ಆಗ ಇವರಿಗೇ ಗಾಬರಿ! 1920ರಲ್ಲಿ ಹುಡುಗಿಯರಿಗೆ ಅಂತಲೇ ಒಂದು ತರಗತಿ ಮಾಡಿದರು. ಬರಬರುತ್ತ ಅದು ನೇಯ್ಗೆಯ ಕೋಣೆ ಆಯಿತು. ಕಟ್ಟಡ, ಲೋಹ, ಮರಗೆಲಸ ಬೇಕು ಅಂದವರನ್ನೂ ಹೆಚ್ಚಾಗಿ ಅಲ್ಲಿಗೇ ಕಳಿಸಿದರು. ಹೆಣ್ಣಿಗೆ ನೂಲೇ ಸರಿ ಅನ್ನುವ ಲೆಕ್ಕ. ಕೇಳಿದ ಮಾತು ಅನ್ನಿಸುತ್ತದೆ, ಅಲ್ವಾ?

ಆದರೆ ಅಲ್ಲಿ ಹೇಳಿಕೊಡುವವರೇ ಸರಿಯಾಗಿ ಇರಲಿಲ್ಲ. ಗುಂಟಾ ಶ್ಟ್ಯೋಲ್ಟ್ಸ್‌ಲ್ ಅಂತ ಒಬ್ಬಾಕೆ (ಹೆಸರು ಹೇಳಲು ತಮ್ಮ ಒದ್ದಾಡಲಿ), ಯುದ್ಧದಲ್ಲಿ ರೆಡ್ ಕ್ರಾಸ್ ನರ್ಸ್ ಆಗಿದ್ದವಳು, ನನ್ನ ಹಾಗೇ. ಈಕೆ ಮತ್ತು ಗೆಳತಿ ಬೆನಿಟಾ ಓಟೆ ಇಬ್ಬರೂ ಕ್ರೆಫೆಲ್ಡ್ ಎಂಬ ರೇಷ್ಮೆ ಊರಿಗೆ ಹೋಗಿ ಬಣ್ಣ ಹಾಕುವುದು, ರೇಷ್ಮೆ ನೇಯುವುದು ಕಲಿತುಕೊಂಡು ಬಂದರು. ವಾಪಸ್ ಬಂದು ಉಳಿದವರಿಗೆ ಕಲಿಸಿದರು. 1927ರಲ್ಲಿ ಗುಂಟಾ ಆ ವಿಭಾಗಕ್ಕೇ ಮೇಷ್ಟ್ರು ಆದಳು. ಕೆಲಸ ಗಂಡಸರಷ್ಟೇ, ಕರಾರು ಮಾತ್ರ ಗಂಡಸರಷ್ಟು ಚೆನ್ನಾಗಿರಲಿಲ್ಲ. 1931ರಲ್ಲಿ ಅಲ್ಲಿಂದ ಬಿಡಬೇಕಾಯಿತು. ಸ್ವಿಟ್ಜರ್ಲೆಂಡಿಗೆ ಹೋಗಿ ಮಗ್ಗ ಹಾಕಿದಳು, 1967ರವರೆಗೂ ನಡೆಸಿದಳು.

ಮೂಲೆಗೆ ತಳ್ಳಿದ ಆ ಕೋಣೆಯಿಂದಲೇ ಶಾಲೆಗೆ ಚೆನ್ನಾಗಿ ದುಡ್ಡು ಬಂದದ್ದು. ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಈಗ ನಿನಗೆ ಇಷ್ಟವಾಗುವ ಸಂಗತಿ. ಉಕ್ಕಿನ ಕುರ್ಚಿಗೆ ಕೂರುವ ಪಟ್ಟಿ ಬೇಕಲ್ಲ, ಅದಕ್ಕೆ 'ಕಬ್ಬಿಣದ ನೂಲು' ಅಂತ ಬಳಸುತ್ತಿದ್ದರು. ಹೆಸರಷ್ಟೇ ಕಬ್ಬಿಣ, ಅದು ಹತ್ತಿಯೇ! ಹತ್ತಿ ನೂಲಿಗೆ ಗಂಜಿ ಮತ್ತು ಮೇಣ ಕುಡಿಸಿ, ಬಿಗಿ ಹಿಡಿದು ತಿಕ್ಕಿ ಹೊಳಪು ಬರಿಸುತ್ತಾರೆ. ಆ ಪಟ್ಟಿ ಇನ್ನೂ ಗಟ್ಟಿಯಾಗುವಂತೆ ಮಾಡಿದವಳು ಇದೇ ರೈಖಾರ್ಟ್. ನಾನು ಒಂದು ತುಂಡಿನ ಮೇಲೆ ಕೈಯಾಡಿಸಿದೆ. ಗಂಜಿ ಒಣಗಿದ ಹಾಸಿನ ಬಿರುಸು, ಮೇಲೆ ಎಣ್ಣೆ ಹಚ್ಚಿದಂಥ ನುಣುಪು. ಉಗುರಿನಿಂದ ಕೆರೆದರೆ ಟರ್ ಅನ್ನುತ್ತದೆ. ನಿನ್ನ ಹಾಗೆ ಹಲ್ಲಿನಲ್ಲಿ ಕಚ್ಚಿ ನೋಡೋಣ ಅನ್ನಿಸಿತು, ಸುಮ್ನೆ ಮರ್ಯಾದೆಗೆ ಬಿಟ್ಟೆ.

ಆನಿ ಆಲ್ಬರ್ಸ್ ಅಂತ ಇನ್ನೊಬ್ಬಳು. ಬರ್ನಾವ್ ಊರಿನ ಕಾರ್ಮಿಕ ಸಂಘದ ಶಾಲೆಯ ಸಭಾಂಗಣದಲ್ಲಿ ಮಾತು ಗೋಡೆಗೆ ಬಡಿದು ಮಾರ್ದನಿ ಬರಬಾರದು, ಬೆಳಕೂ ಕಮ್ಮಿ ಆಗಬಾರದು. ಆಕೆ ಒಂದೇ ಬಟ್ಟೆಯಲ್ಲಿ ಎರಡನ್ನೂ ಮಾಡಿದಳು. ಒಂದು ಮುಖಕ್ಕೆ ಬೆಳಕು ಹೊಳೆಯುವ ಸೆಲೋಫೇನ್ ಎಳೆ, ಇನ್ನೊಂದು ಮುಖಕ್ಕೆ ಸದ್ದು ನುಂಗುವ ಮೆತ್ತನೆಯ ನೂಲು. 1930ರಲ್ಲಿ ಆ ಬಟ್ಟೆಗೇ ಡಿಪ್ಲೊಮಾ ಕೊಟ್ಟರು. ಮುಂದೆ ಅಮೆರಿಕಕ್ಕೆ ಹೋದಳು. 1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿ ಒಬ್ಬಳೇ ನೇಕಾರಳ ಕೆಲಸಕ್ಕೆ ಅಂತ ಮೊದಲ ಸಲ ಪ್ರದರ್ಶನ ಇಟ್ಟದ್ದು ಈಕೆಯದೇ.

ನನ್ನ ಮನಸ್ಸಿನಲ್ಲಿ ಉಳಿದವಳು ಓಟಿ ಬೆರ್ಗರ್. ಆಕೆಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಬಟ್ಟೆಯನ್ನು ಬೆರಳಿನಿಂದ ತಿಳಿಯಬೇಕು ಅನ್ನುತ್ತಿದ್ದಳು. ತನ್ನ ನೇಯ್ಗೆಗೆ ಪೇಟೆಂಟ್ ಮಾಡಿಸಿದಳು. ಕಂಪನಿಗೆ ಬಟ್ಟೆ ಮಾಡಿಕೊಟ್ಟರೂ ತನ್ನ ಹೆಸರಿನ ಎರಡು ಅಕ್ಷರ ಇರಲೇಬೇಕು ಅಂತ ಪಟ್ಟು ಹಿಡಿದಳು. ಯಹೂದಿ ಹೆಂಗಸು. ಹಿಟ್ಲರ್ ಕಾಲದಲ್ಲಿ ಲಂಡನ್ನಿಗೆ ತಪ್ಪಿಸಿಕೊಂಡು ಹೋಗಿದ್ದಳು. 1938ರಲ್ಲಿ ತಾಯಿಗೆ ಹುಷಾರಿಲ್ಲ ಅಂತ ಯುಗೊಸ್ಲಾವಿಯಕ್ಕೆ, ತನ್ನ ಊರಿಗೆ ಬಂದಳು. ವಾಪಸ್ ಹೋಗಲು ಆಗಲಿಲ್ಲ. 1944ರಲ್ಲಿ ಆಶ್ವಿಟ್ಸ್ ಎಂಬ ನಾಜಿಗಳ ಸೆರೆ ಶಿಬಿರದಲ್ಲಿ ಕೊಂದರು.

ಬಸ್ಸಿನಲ್ಲಿ ಬರುವಾಗ ಆ ಎರಡು ಅಕ್ಷರದ್ದೇ ಯೋಚನೆ. ನೇಕಾರರ ಕಾರ್ಡು ಮಾಡಿಸಲು ಹೋದಾಗ ಕಚೇರಿಯಲ್ಲಿ ನಿನ್ನ ಹೆಸರಿನ ಮುಂದೆ 'ಮನೆಗೆಲಸ' ಅಂತ ಬರೆದರಲ್ಲ? ಲಾಳಿಯ ಕಂಡಿಕೆಗೆ ನೂಲು ಸುತ್ತುವವಳು ನೀನು. ಒಡಲಿನ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದೇ ಕೊಂಡಿ ಹಾಕಿ ಕೂಡಿಸುವವಳೂ ನೀನು. ಆ ಕೊಂಡಿ ಇಲ್ಲದಿದ್ದರೆ ಅದು ಇಳಕಲ್ ಸೀರೆ ಹೇಗಾಗುತ್ತದೆ? ಸಾವಕಾರರ ಪುಸ್ತಕದಲ್ಲಿ ಮಾತ್ರ ಅಪ್ಪನ ಹೆಸರು ಒಂದೇ. ನಾನೂ ಶಾಲೆಯಲ್ಲಿ "ನಮ್ಮಪ್ಪ ನೇಕಾರ" ಅಂತಲೇ ಹೇಳಿದ್ದೆ.

ಅಂದ ಹಾಗೆ, ಅಲ್ಲಿ ನೇಯ್ದು ತೋರಿಸುತ್ತಿದ್ದ ಹೆಂಗಸು ನನ್ನನ್ನೂ ಮಗ್ಗಕ್ಕೆ ಕೂರಿಸಿದಳು. ಎರಡೇ ಏಟಿಗೆ ಒಂದು ಎಳೆ ಪಟ್ ಅಂತು! ಆಕೆ ಗಂಟು ಹಾಕಲು ಬಂದಳು. ನಾನು ಬೇಡ ಅಂದು ನೀನು ಮಾಡುವ ಹಾಗೆ ಬೆರಳಲ್ಲಿ ಹೊಸೆದು ಕೆಚ್ಚಿದೆ. ಬೆರಳಿಗೆ ಹಚ್ಚಿಕೊಳ್ಳಲು ಬೂದಿ ಇರಲಿಲ್ಲ, ಆದರೂ ನಿಂತಿತು. ಆಕೆ ಕನ್ನಡಕ ಏರಿಸಿ ನೋಡಿ, ಇನ್ನೊಂದು ಸಲ ಮಾಡು ಅಂದಳು. ಎರಡನೇ ಸಲ ಬಿಚ್ಚಿಹೋಯಿತು ಬಿಡು.

ಕೊಂಡಿಯ ವಿಷಯ ಹೇಳಿದೆ. ಮಾತಿನಲ್ಲಿ ತಿಳಿಯಲಿಲ್ಲ ಆಕೆಗೆ. ಅದಕ್ಕೆ ಮುಂದಿನ ತಿಂಗಳು ಇಲ್ಲಿಗೆ ಬರುವವರ ಕೈಲಿ ಒಂದು ಗೇಣು ತುಂಡು ಕಳಿಸು, ಒಡಲು ಸೆರಗು ಕೂಡುವ ಕಡೆಯದೇ ಬೇಕು. ಚೊಲೋ ಸೀರೆ ಕತ್ತರಿಸಬೇಡ, ಹಳೆಯದು ಸಾಕು. ಮೂಲೆಯಲ್ಲಿ ಕೆಂಪು ದಾರದಿಂದ ನಿನ್ನ ಹೆಸರು ಹಾಕು. ಅಪ್ಪ ಮುನಿಸಿಕೊಂಡರೆ ನನ್ನ ಮೇಲೆ ಹೇಳು.

ಅಪ್ಪನ ಮೊಣಕಾಲಿಗೆ ಕಳಿಸಿದ ಮುಲಾಮು ರಾತ್ರಿ ಮಾತ್ರ ಹಚ್ಚಬೇಕು.

ನಿನ್ನ ಮಗಳು