ಮೂರು ಬೋರ್ಡ್ ಬೇಡ, ಕಾಲಿಗೆ ಒಪ್ಪುವ ಒಂದು ಸಾಕು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಸ್ನೋಬೋರ್ಡಿಂಗ್ (ಒಂದೇ ಹಲಗೆಗೆ ಎರಡೂ ಕಾಲು ಬಿಗಿದು ಹಿಮದ ಇಳಿಜಾರಿನಲ್ಲಿ ಜಾರುವ ಆಟ) ಲೇಖನದ ಫೋಟೊ ತೆಗೆದು ಸಾಗರದಿಂದ ನಮ್ಮಕ್ಕ ವಾಟ್ಸಾಪ್ ಮಾಡಿದಳು. ಬೆನ್ನಿಗೇ ಫೋನ್. ‘ಮೂರು ಬೋರ್ಡ್ ಬೇಕಂತಲ್ಲೇ, ಇವನು ಅಲ್ಲಿಗೆ ಹೋಗಿದ್ದು ಓದೋಕೋ ಜಾರೋಕೋ?’ ಅವಳ ಮಗ ಸಿಯಾಟಲ್‌ನಲ್ಲಿ ಎಂಎಸ್ ಮಾಡುತ್ತಿದ್ದಾನೆ. ಹಿಮದ ಹುಚ್ಚು ಹತ್ತಿದೆ. ಹತ್ತಿಸಿದವಳು ಪಕ್ಕದ ರೆಂಟನ್‌ನಲ್ಲಿರುವ ನಾನೇ, ಹಾಗಾಗಿ ಉತ್ತರ ಕೊಡುವುದೂ ನನ್ನ ಪಾಲಿಗೇ ಬಂತು.

ಲೇಖನ ಚೆನ್ನಾಗಿತ್ತು. ಆದರೆ ಕಾರ್ವಿಂಗ್‌ಗೆ (ಅಂಚು ಒತ್ತಿ ಹಿಮ ಕೊರೆಯುತ್ತಾ ತಿರುಗುವುದಕ್ಕೆ) ಒಂದು, ರೇಸಿಗೆ ಒಂದು, ಪೌಡರಿಗೆ (ಬಿಡಿಬಿಡಿಯಾದ ಹೊಸ ಹಿಮಕ್ಕೆ) ಒಂದು ಬೋರ್ಡ್ ಇಲ್ಲದಿದ್ದರೆ ಗತಿಯಿಲ್ಲ ಅನ್ನೋ ಹಾಗೆ ಬರೆದಿದ್ದೀರಲ್ಲ, ತಕರಾರು ಅಷ್ಟಕ್ಕೇ. ಇಲ್ಲಿ ಒಳ್ಳೆಯ ಹೊಸ ಬೋರ್ಡಿಗೆ 500ರಿಂದ 700 ಡಾಲರ್ ಆಗುತ್ತದೆ. ಬೂಟನ್ನು ಬೋರ್ಡಿಗೆ ಬಿಗಿಯುವ ಬೈಂಡಿಂಗು, ಬೂಟು ಬೇರೆ. ಇನ್ನೊಬ್ಬರ ಜೊತೆ ರೂಮು ಹಂಚಿಕೊಂಡಿರುವ ಹುಡುಗ ಮೂರು ಬೋರ್ಡ್ ತಂದು ಎಲ್ಲಿ ಇಡಬೇಕು ಹೇಳಿ.

ಮೊದಲು ರೇಸಿನ ವಿಷಯ. ಯಾವ ರೇಸ್ ಅಂತ ಕೇಳದೆ ಬೋರ್ಡ್ ಹೇಳೋಕೆ ಆಗಲ್ಲ. ಒಲಿಂಪಿಕ್ಸ್‌ನಲ್ಲಿ ನೋಡುವ ಪ್ಯಾರಲಲ್ ಜೈಂಟ್ ಸ್ಲಾಲಮ್ ಒಂದು ಬಗೆ, ಇಬ್ಬರು ಅಕ್ಕಪಕ್ಕದಲ್ಲಿ ನೆಟ್ಟ ಗೇಟುಗಳನ್ನು ಸುತ್ತಿಕೊಂಡು ಇಳಿಯುತ್ತಾರೆ. 2018ರಲ್ಲಿ ಚೆಕ್ ದೇಶದ ಎಸ್ತರ್ ಲೆಡೆಟ್ಸ್ಕಾ ಸ್ಕೀಯಿಂಗ್‌ನಲ್ಲೂ ಇದರಲ್ಲೂ ಚಿನ್ನ ಗೆದ್ದರಲ್ಲ, ಅದೇ. ಅದರ ಬೋರ್ಡ್ ಉದ್ದ, ಗಡಸು, ಸಣಕಲು. ನಡುವಿನ ಅಗಲ 20 ಸೆಂ.ಮೀ. ಆಸುಪಾಸು. ಪ್ಲಾಸ್ಟಿಕ್ಕಿನ ಗಟ್ಟಿ ಬೂಟು ಹಾಕಿ, ಎರಡೂ ಪಾದ ಮುಂದಕ್ಕೆ ತಿರುಗಿಸಿ ನಿಲ್ಲಬೇಕು. ಅದನ್ನು ತಗೊಂಡು ಮೊಣಕಾಲುದ್ದದ ಹೊಸ ಹಿಮಕ್ಕೆ ಹೋದರೆ ಬೋರ್ಡಿನ ಮೂತಿ ಮುಳುಗುತ್ತದೆ, ಹಿಂದೆಯೇ ನೀವೂ. ಆ ರೇಸಿನ ಆಸೆ ಇರುವವರಿಗೆ ಬೇರೆ ಬೋರ್ಡ್ ಬೇಕು, ನಿಜ. ಅಂಥವರು ನೂರಕ್ಕೆ ಒಬ್ಬರಾದರೂ ಇದ್ದಾರಾ?

ಇನ್ನೊಂದು ಬಗೆ ಬ್ಯಾಂಕ್ಡ್ ಸ್ಲಾಲಮ್. ನಮ್ಮ ವಾಷಿಂಗ್ಟನ್ ರಾಜ್ಯದ ಮೌಂಟ್ ಬೇಕರ್‌ನಲ್ಲಿ 1985ರಲ್ಲಿ ಶುರುವಾದ ಪಂದ್ಯ ಇದರಲ್ಲೆಲ್ಲ ಹೆಸರುವಾಸಿ. ಗೆದ್ದವರಿಗೆ ಕೊಡುವುದು ಬಂಗಾರದ ಬಣ್ಣದ ಡಕ್ಟ್ ಟೇಪ್ ಸುರುಳಿ! ಎತ್ತರಿಸಿದ ತಿರುವುಗಳಲ್ಲಿ ಗೇಟು ಸುತ್ತಿಕೊಂಡು ಇಳಿಯಬೇಕು. ಮಾಮೂಲಿ ಮೆತ್ತನೆ ಬೂಟು, ಮಾಮೂಲಿ ಬೋರ್ಡ್ ಸಾಕು. ಅಂಚು ಬಿಡದೆ ಹಿಡಿಯಬೇಕು, ಅಷ್ಟೇ. ಅಂದರೆ ಒಳ್ಳೆಯ ಕಾರ್ವಿಂಗ್ ಬೋರ್ಡೇ ಈ ರೇಸಿಗೂ ಆಗುತ್ತದೆ. ಮೂರು ಇದ್ದದ್ದು ಎರಡಾಯಿತಲ್ವಾ?

ಇನ್ನು ಲೇಖನದಲ್ಲಿ ಒಂದು ಸಾಲೂ ಇಲ್ಲದ ಸಂಗತಿ: ಅಗಲ. ಎಲ್ಲರೂ ಉದ್ದ ಕೇಳುತ್ತಾರೆ. ಗಲ್ಲಕ್ಕೆ ಬರಬೇಕಾ, ಮೂಗಿಗೆ ಬರಬೇಕಾ ಅಂತ ಅಂಗಡಿಯಲ್ಲಿ ಬೋರ್ಡ್ ನಿಲ್ಲಿಸಿ ನೋಡುತ್ತಾರೆ. ಬೋರ್ಡಿಗೆ ನಿಮ್ಮ ಎತ್ತರ ಗೊತ್ತಾಗಲ್ಲ, ತೂಕ ಗೊತ್ತಾಗುತ್ತದೆ, ಬೂಟಿನ ಉದ್ದ ಗೊತ್ತಾಗುತ್ತದೆ. ಅಕ್ಕನ ಮಗನ ಪಾದ 29 ಸೆಂ.ಮೀ. ಅವನಿಗೆ ಇಲ್ಲಿನ ಒಂದು ಅಂಗಡಿಯವರು ‘ಇದು ಎಲ್ಲದಕ್ಕೂ ಆಗುತ್ತೆ’ ಅಂತ ಹೇಳಿ ನಡುವಿನ ಅಗಲ 25 ಸೆಂ.ಮೀ. ಇರುವ ಮೆತ್ತನೆಯ ಬೋರ್ಡ್ ಕೊಟ್ಟು ಕಳಿಸಿದ್ದರು. ಸಂಜೆ ಸ್ನೋಕ್ವಾಲ್ಮಿ ಸ್ಕೀ ತಾಣಕ್ಕೆ ಹೋದೆವು. ಸಿಯಾಟಲ್‌ನಿಂದ ಗಂಟೆಯ ದಾರಿ, ರಾತ್ರಿ ದೀಪ ಹಾಕಿರುತ್ತಾರೆ. ಹಗಲು ಮಳೆ ಬಿದ್ದು ಕತ್ತಲಾಗುತ್ತಲೇ ನೆಲ ಕಲ್ಲಿನಂತಾಗಿತ್ತು. ಹಿಮ್ಮಡಿ ಕಡೆ ತಿರುಗುವಾಗ ಹೇಗೋ ಸುಧಾರಿಸಿಕೊಂಡ. ಬೆರಳಿನ ಕಡೆ ಬೋರ್ಡ್ ಓರೆ ಮಾಡಿದ ತಕ್ಷಣ ಬೂಟಿನ ತುದಿ ಹಿಮಕ್ಕೆ ತಾಗಿ, ಅಂಚು ಮೇಲೆದ್ದು, ಹುಡುಗ ಬೋರಲು. ಪ್ರತಿ ಸಲವೂ ಅದೇ ತಿರುವಿನಲ್ಲಿ. ‘ನನಗೆ ಬರಲ್ಲ ಬಿಡು ಚಿಕ್ಕಿ’ ಅಂದ. ಬರದೇ ಇದ್ದದ್ದು ಅವನಿಗಲ್ಲ, ಆ ಹಲಗೆಗೆ.

ಇದನ್ನು ಅಂಗಡಿಯಲ್ಲೇ ನೋಡಿಕೊಳ್ಳಬಹುದು. ನಿಮ್ಮ ಬೂಟನ್ನೇ ತಗೊಂಡು ಹೋಗಿ. ಬೈಂಡಿಂಗ್ ಕೂರುವ ಜಾಗದಲ್ಲಿ, ನೀವು ನಿಲ್ಲುವ ಕೋನದಲ್ಲೇ ಇಡಿ. ಎರಡೂ ಕಡೆ ಬೂಟು ಒಂದೂವರೆ, ಎರಡು ಸೆಂ.ಮೀ. ಹೊರಗೆ ಬಂದರೆ ತೊಂದರೆಯಿಲ್ಲ. ಅದಕ್ಕಿಂತ ಜಾಸ್ತಿಯಾದರೆ ಇನ್ನೊಂದು ಬೋರ್ಡ್ ತೋರಿಸಿ ಅನ್ನಿ. ಲೇಬಲ್ ಮೇಲಿನ ಅಗಲ ನಟ್ಟನಡುವಿನದು, ಅಂದರೆ ಬೋರ್ಡಿನ ಅತಿ ಸಣ್ಣ ಜಾಗದ್ದು. ಕಾಲು ಕೂರುವಲ್ಲಿ ಸುಮಾರು ಒಂದು ಸೆಂ.ಮೀ. ಜಾಸ್ತಿ ಇರುತ್ತದೆ. ಹುಡುಗನಿಗೆ ಬೇಕಾಗಿದ್ದು 26 ದಾಟಿದ್ದು. ನನ್ನ ಪಾದ ಚಿಕ್ಕದು, 24 ಸಾಕು. ಅಗಲ ಸಿಕ್ಕಾಪಟ್ಟೆ ಆದರೂ ಕಷ್ಟವೇ, ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಿಸುವಷ್ಟರಲ್ಲಿ ತಿರುವೇ ಮುಗಿದಿರುತ್ತದೆ. ಹೆಂಗಸರು ಗಂಡನ ಹಳೇ ಬೋರ್ಡ್ ತಗೊಂಡು ‘ನನ್ನ ಕೈಲಾಗಲ್ಲ’ ಅನ್ನುವುದನ್ನು ಇಲ್ಲಿ ಬೇಕಾದಷ್ಟು ನೋಡಿದ್ದೇನೆ. ಆ ಗಂಡಂದಿರಿಗೆ ಯಾರು ಹೇಳಬೇಕು!

ಆಕಾರಕ್ಕೆ ಬಂದರೆ, ಕಾಲಿನಡಿ ಕ್ಯಾಂಬರ್ ಇರಬೇಕು. ಬೋರ್ಡನ್ನು ನೆಲದ ಮೇಲೆ ಸುಮ್ನೆ ಇಟ್ಟರೆ ನಡುಭಾಗ ಎದ್ದುಕೊಂಡಿರುತ್ತದೆ, ಕೆಳಗೆ ಕಾಗದ ತೂರಿಸಬಹುದು. ನಿಂತಾಗ ಆ ಕಮಾನು ಒತ್ತಿ, ಅಂಚು ಉದ್ದಕ್ಕೂ ಹಿಮ ಕಚ್ಚುತ್ತದೆ. ತೂಗುಕುರ್ಚಿಯ ಕಾಲಿನಂತೆ ಬಾಗಿರುವ ಪೂರ್ತಿ ರಾಕರ್ ಪೌಡರಿಗೆ ಸುಖ, ಗಟ್ಟಿ ನೆಲದಲ್ಲಿ ಹಿಡಿತ ಕಡಿಮೆ. ಹಾಗಾಗಿ ಕಾಲಿನಡಿ ಕ್ಯಾಂಬರ್, ಮೂತಿಯಲ್ಲಿ ಮಾತ್ರ ಒಂದಿಷ್ಟು ರಾಕರ್ ಇರುವುದನ್ನು ಹುಡುಕಿ. ಡೈರೆಕ್ಷನಲ್ ಇರಲಿ: ಮೂತಿ ಉದ್ದ ಮತ್ತು ಅಗಲ, ಬಾಲ ಗಿಡ್ಡ. ಗಡಸುತನ ಮಧ್ಯಮಕ್ಕಿಂತ ಒಂದು ಕೈ ಮೇಲೆ. ಸೈಡ್‌ಕಟ್ (ಬೋರ್ಡಿನ ಪಕ್ಕದ ಒಳಬಾಗಿನ ತ್ರಿಜ್ಯ) 8 ಮೀಟರ್ ಆಸುಪಾಸು.

ಪೌಡರ್ ದಿನಕ್ಕೆ ಹೊಸ ಬೋರ್ಡ್ ಬೇಕಿಲ್ಲ, 3ನೇ ನಂಬರಿನ ಫಿಲಿಪ್ಸ್ ಸ್ಕ್ರೂಡ್ರೈವರ್ ಬೇಕು. ಹಿಂದಿನ ರಾತ್ರಿಯೇ ಎರಡೂ ಬೈಂಡಿಂಗ್ ಬಿಚ್ಚಿ, ಎರಡು ಸೆಂ.ಮೀ. ಹಿಂದಿನ ತೂತಿಗೆ ಕೂರಿಸಿ. ಮೂತಿ ತಾನಾಗಿ ತೇಲುತ್ತದೆ. ನಮ್ಮ ಕಡೆಯ ಹಿಮ ಬೇರೆ ಭಾರ, ಒದ್ದೆ. ಕ್ಯಾಸ್ಕೇಡ್ ಕಾಂಕ್ರೀಟ್ ಅಂತಲೇ ಅಡ್ಡಹೆಸರು. ಮೌಂಟ್ ಬೇಕರ್‌ನಲ್ಲಿ 1998-99ರ ಒಂದೇ ಚಳಿಗಾಲದಲ್ಲಿ ಸುಮಾರು 29 ಮೀಟರ್ ಬಿದ್ದು ದಾಖಲೆಯಾಯಿತು. ಇಂಥ ಹಿಮದಲ್ಲಿ ತೀರಾ ಮೆತ್ತನೆ ಪೌಡರ್ ಬೋರ್ಡ್ ಮಧ್ಯಾಹ್ನದ ಹೊತ್ತಿಗೆ ಹೆಂಟೆಗಳ ಮೇಲೆ ಕುಣಿಯತೊಡಗುತ್ತದೆ. ಸ್ವಲ್ಪ ಗಡಸಿದ್ದರೆ ಸೀಳಿಕೊಂಡು ಹೋಗುತ್ತದೆ. ಬೆಚ್ಚಗಿನ ಹಿಮಕ್ಕೆ ತಕ್ಕ ವ್ಯಾಕ್ಸ್ (ಮೇಣ) ಬೋರ್ಡಿನ ತಳಕ್ಕೆ ಹಚ್ಚುವುದನ್ನು ಮಾತ್ರ ಮರೆಯಬಾರದು.

ಗುಲ್ಮರ್ಗ್‌ಗೆ ಹೋಗುವ ಓದುಗರಿಗೆ ಲೆಕ್ಕ ಸ್ವಲ್ಪ ಬೇರೆ. ಕಾಶ್ಮೀರದ ಆ ತಾಣದಲ್ಲಿ ಗೊಂಡೊಲಾದ (ಕೇಬಲ್ ಕಾರಿನ) ಎರಡನೇ ಹಂತ ಹತ್ತಿ ಅಫರ್ವತ್ ಬೆಟ್ಟದಿಂದ ಇಳಿದರೆ ಹೆಚ್ಚಿನದು ಯಂತ್ರ ಓಡಿಸದ ಬಿಡಿ ಹಿಮ. ಅಲ್ಲಿ ಮಾಮೂಲಿಗಿಂತ ಎರಡು ಮೂರು ಸೆಂ.ಮೀ. ಹೆಚ್ಚು ಉದ್ದದ ಬೋರ್ಡ್ ಇದ್ದರೆ ಒಳ್ಳೆಯದು. ವರ್ಷಕ್ಕೊಮ್ಮೆ ಹೋಗುವವರು ಬಾಡಿಗೆಗೆ ತಗೊಳ್ಳಿ, ಬೂಟು ಮಾತ್ರ ನಿಮ್ಮದೇ ಇರಲಿ.

ಅಕ್ಕನ ಮಗ ಆ ಬೋರ್ಡ್ ಮಾರಿ, ಸೀಸನ್ ಮುಗಿಯುವಾಗ ಬರುವ ಡಿಸ್ಕೌಂಟಿನಲ್ಲಿ ಸರಿಯಾದದ್ದು ಕೊಂಡ. ಅದರಲ್ಲೇ ಕಾರ್ವ್ ಮಾಡುತ್ತಾನೆ, ಅದನ್ನೇ ಪೌಡರಿಗೂ ಒಯ್ಯುತ್ತಾನೆ.

ಕೊನೆಗೊಂದು ಕೋರಿಕೆ. ಮೂರು ಬೋರ್ಡಿಗೆ ಕೊಟ್ಟ ಜಾಗದಲ್ಲಿ ಅರ್ಧವನ್ನಾದರೂ ಮುಂದಿನ ಸಲ ಟ್ರೀ ವೆಲ್‌ಗೆ ಕೊಡಿ. ದೊಡ್ಡ ಮರಗಳ ಬುಡದಲ್ಲಿ ಕೊಂಬೆಯ ಮರೆಗೆ ಹಿಮ ಗಟ್ಟಿಯಾಗದೆ ಹೊಂಡ ಉಳಿದಿರುತ್ತದೆ. ತಲೆಕೆಳಗಾಗಿ ಬಿದ್ದರೆ ಒಬ್ಬರೇ ಮೇಲೆ ಬರುವುದು ತೀರಾ ಕಷ್ಟ, ಉಸಿರು ಕಟ್ಟಿ ಸತ್ತವರಿದ್ದಾರೆ. ಪೌಡರ್ ದಿನ ಮರಗಳ ನಡುವೆ ಹೋಗುವುದಾದರೆ ಜೊತೆಗಾರ ಕಣ್ಣಿಗೆ ಕಾಣುವಷ್ಟು ದೂರದಲ್ಲಿರಬೇಕು, ಕೊರಳಲ್ಲಿ ಸೀಟಿ ಇರಬೇಕು. ಮಕ್ಕಳನ್ನು ಇಲ್ಲಿಗೆ ಕಳಿಸಿರುವ ಅಪ್ಪ ಅಮ್ಮಂದಿರು ನಿಮ್ಮ ಪತ್ರಿಕೆ ಓದುತ್ತಾರೆ. ಅವರು ಫೋನಿನಲ್ಲಿ ಬೋರ್ಡಿನ ರೇಟ್ ಕೇಳುವ ಮೊದಲು ಇದನ್ನು ಕೇಳಲಿ.

– ಸಾಗರ ಮೂಲದ ಓದುಗರೊಬ್ಬರು,
ರೆಂಟನ್, ವಾಷಿಂಗ್ಟನ್ ರಾಜ್ಯ, ಅಮೆರಿಕ