ವಿಷಯ: ನಾಯಿಯ ಬಬೇಸಿಯಾ ಪರೀಕ್ಷೆಗೆ ಹಣ ಪಡೆದು, ಪರೀಕ್ಷೆಯನ್ನೇ ಮಾಡದೆ ವರದಿ ಕೊಟ್ಟಿರುವ ಬಗ್ಗೆ

ವ್ಯವಸ್ಥಾಪಕರು,
ಪ್ರಾಣಿ ರೋಗಪತ್ತೆ ಪ್ರಯೋಗಾಲಯ, ಬೆಂಗಳೂರು

ಮಾನ್ಯರೇ,

ನಮ್ಮ ನಾಯಿ ಕರಿಯನಿಗೆ ಜ್ವರ ಬಂದು, ಒಸಡು ಬಿಳಿಚಿಕೊಂಡು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದಾಗ ಪಶುವೈದ್ಯರು ಚೀಟಿಯಲ್ಲಿ ಎರಡು ಪರೀಕ್ಷೆಗಳನ್ನು ಬರೆದಿದ್ದರು: ಕಿವಿಯ ತುದಿಯಿಂದ ತೆಗೆದ ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್, ಮತ್ತು ಉಣ್ಣೆಯಿಂದ ಹರಡುವ ಬಬೇಸಿಯಾ ಎಂಬ ರಕ್ತದ ಪರೋಪಜೀವಿಯ ವಂಶವಾಹಿಯನ್ನು ಹುಡುಕುವ ಪಿಸಿಆರ್. ಎರಡಕ್ಕೂ ನೀವು ಹಣ ಪಡೆದ ರಸೀದಿ ನನ್ನ ಬಳಿ ಇದೆ. ವರದಿಯಲ್ಲಿ ಬಂದದ್ದು ಮಾತ್ರ ರಕ್ತಕಣಗಳ ಲೆಕ್ಕ, ರ‍್ಯಾಪಿಡ್ ಕಿಟ್‌ನಲ್ಲಿ ಎರ್ಲಿಕಿಯಾ (ಉಣ್ಣೆಯಿಂದಲೇ ಬರುವ ಇನ್ನೊಂದು ಸೋಂಕು) ಪಾಸಿಟಿವ್, ಮತ್ತು ‘ರಕ್ತದಲ್ಲಿ ಪರೋಪಜೀವಿ ಕಂಡುಬಂದಿಲ್ಲ’ ಎಂಬ ಒಂದು ಸಾಲು. ನೋಡದವರಿಗೆ ಏನೂ ಕಾಣುವುದಿಲ್ಲ.

ಫೋನಿನಲ್ಲಿ ವಿನಯದಿಂದ ಕೇಳಿದ್ದಕ್ಕೆ ಉತ್ತರ ಸಿಗದೆ ನಾನೇ ನಿಮ್ಮ ಕೌಂಟರಿಗೆ ಬಂದೆ. ಅಲ್ಲಿದ್ದವರು ಚೀಟಿಯನ್ನು ಕೈಗೂ ತೆಗೆದುಕೊಳ್ಳದೆ, “ಟಿಕ್ ಫೀವರ್ ಎಲ್ಲಾ ಈ ಕಿಟ್‌ನಲ್ಲೇ ಬರುತ್ತೆ ಮೇಡಂ” ಎಂದರು. ವರದಿಯಲ್ಲಿ ಬಬೇಸಿಯಾದ ಹೆಸರೇ ಇಲ್ಲವಲ್ಲ ಎಂದೆ. “ಬರ್ದಿಲ್ಲ ಅಂದ್ರೆ ಇಲ್ಲ ಅಂತ ಅರ್ಥ.” ಕಿಟ್‌ನ ಪೆಟ್ಟಿಗೆ ತೋರಿಸಿ ಎಂದಾಗ ಪಕ್ಕದವರತ್ತ ತಿರುಗಿ ನಕ್ಕು, ನನ್ನ ಹಿಂದೆ ನಿಂತವರಿಗೆಲ್ಲ ಕೇಳುವಂತೆ, “ನೀವೇನು ಡಾಕ್ಟರಾ? ಬೀದಿನಾಯಿಗೆ ಇಷ್ಟು ಟೆಸ್ಟ್ ಮಾಡ್ಸಿದ್ದೇ ಜಾಸ್ತಿ” ಎಂದರು. ಕೊನೆಗೆ ಪೆಟ್ಟಿಗೆಯನ್ನು ನನ್ನ ಮುಂದೆ ಎಸೆದರು. ಅದರ ಮೇಲೆ ಹಾರ್ಟ್‌ವರ್ಮ್, ಎರ್ಲಿಕಿಯಾ, ಅನಾಪ್ಲಾಸ್ಮಾ, ಲೈಮ್ ಎಂಬ ನಾಲ್ಕೇ ಹೆಸರುಗಳಿದ್ದವು. ಬೆರಳಿಟ್ಟು ತೋರಿಸಿದೆ. “ನೆಕ್ಸ್ಟ್” ಎಂದು ಹಿಂದಿನವರನ್ನು ಕರೆದರು.

ಆ ಕಿಟ್ ಗುರುತಿಸುವುದು ಎರ್ಲಿಕಿಯಾ ವಿರುದ್ಧದ ಪ್ರತಿಕಾಯವನ್ನು, ಹಿಂದೆಂದೋ ಸೋಂಕು ತಗುಲಿದ್ದ ನಾಯಿಯಲ್ಲೂ ಅದು ಉಳಿದಿರಬಹುದು ಎಂಬುದು ಪ್ರಯೋಗಾಲಯ ನಡೆಸುವ ನಿಮಗೆ ತಿಳಿಯದ್ದಲ್ಲ. ಬಬೇಸಿಯಾದ ಚಿಕ್ಕ ಬಗೆಯಾದ ಬಬೇಸಿಯಾ ಗಿಬ್ಸೋನಿ ಕೆಂಪು ರಕ್ತಕಣದೊಳಗೆ ಬೆಳೆಯುವ, 1ರಿಂದ 3 ಮೈಕ್ರಾನ್ ಗಾತ್ರದ ಜೀವಿ; ಸಂಖ್ಯೆ ಕಡಿಮೆಯಿದ್ದಾಗ ಸ್ಮಿಯರ್‌ನಲ್ಲೂ ತಪ್ಪಿಹೋಗುತ್ತದೆ ಎಂದೇ ವೈದ್ಯರು ಪಿಸಿಆರ್ ಕೇಳಿದ್ದರು. ನಿಮ್ಮಲ್ಲಿ ಯಾರೂ ಕರಿಯನ ಕಿವಿಯನ್ನು ಮುಟ್ಟಲಿಲ್ಲ. ಯಾವ ಬಬೇಸಿಯಾ ಎಂದು ತಿಳಿಯದೆ ಚಿಕಿತ್ಸೆಯೂ ಸರಿಯಾಗುವುದಿಲ್ಲ: ದೊಡ್ಡ ಬಗೆಯ ಬಬೇಸಿಯಾಕ್ಕೆ ಇಮಿಡೋಕಾರ್ಬ್ ಚುಚ್ಚುಮದ್ದು ಸಾಕಾದರೆ, ಗಿಬ್ಸೋನಿ ಅದಕ್ಕೆ ಬಗ್ಗುವುದಿಲ್ಲ, ಅದಕ್ಕೆ ಅಟೋವಕ್ವೋನ್ ಮತ್ತು ಅಜಿಥ್ರೋಮೈಸಿನ್‌ನಂಥ ಬೇರೆ ಔಷಧಿಗಳೇ ಬೇಕು. ನಿಮ್ಮ ವರದಿಯನ್ನು ನಂಬಿ ಎರ್ಲಿಕಿಯಾದ ಔಷಧಿಯಾದ ಡಾಕ್ಸಿಸೈಕ್ಲಿನ್ ಒಂದನ್ನೇ ಕೊಡುತ್ತಿದ್ದಾಗ ಅವನ ಹಿಮೋಗ್ಲೋಬಿನ್ ಕುಸಿದು, ಬೇರೊಂದು ನಾಯಿಯ ರಕ್ತ ಕೊಡಿಸಿ ಜೀವ ಉಳಿಸಬೇಕಾಯಿತು. ಬೇರೆಡೆ ಮಾಡಿಸಿದ ಪಿಸಿಆರ್‌ನಲ್ಲಿ ಬಂದದ್ದು ಗಿಬ್ಸೋನಿಯೇ.

ಹಣ ಹಿಂದಿರುಗಿಸಿದರೆ ಇದು ಮುಗಿಯುವುದಿಲ್ಲ. ಮಾಡದ ಪರೀಕ್ಷೆಗೆ ವರದಿ ಬರೆದು ಸಹಿ ಹಾಕಿದವರು ಯಾರೆಂಬ ಲಿಖಿತ ವಿವರಣೆ 15 ದಿನಗಳೊಳಗೆ ಬಾರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಸೇವಾ ನ್ಯೂನತೆಯ ದೂರು ದಾಖಲಿಸುತ್ತೇನೆ. ಅಲ್ಲಿ ವಕೀಲರಿಲ್ಲದೆ ನಾನೇ ವಾದಿಸಬಹುದು, ವಾದಿಸುತ್ತೇನೆ. ಅಲ್ಲಿಯವರೆಗೆ ನಾನು ಸುಮ್ಮನಿರುವುದೂ ಇಲ್ಲ. ಎರಡೂ ವರದಿಗಳ ಪ್ರತಿಗಳನ್ನು, ನಿಮಗೆ ರಕ್ತದ ಮಾದರಿ ಕಳುಹಿಸುವ ಪ್ರತಿಯೊಂದು ಕ್ಲಿನಿಕ್ಕಿಗೂ ಖುದ್ದಾಗಿ ತಲುಪಿಸುತ್ತೇನೆ.

ಇತಿ,
ಕರಿಯನ ಮನೆಯವರು